ಈ ವರ್ಷದ ಟೈರು

ನಾನಿನ್ನು ಹೆಚ್ಚು ದಿನ ಇರಲ್ಲ ಅಂತ ನನ್ನ ತಮ್ಮ ಮನಸ್ಸಲ್ಲೇ ತೀರ್ಮಾನ ಮಾಡಿಬಿಟ್ಟಿದ್ದ. ಅದು ನಂಗೆ ಗೊತ್ತಾಗಿದ್ದು ಆಸ್ಪತ್ರೆಯಲ್ಲಲ್ಲ, ಟೈರ್ ಅಂಗಡೀಲಿ.

ಕಾರು ನಂದು. ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರು, ನೆಲಕ್ಕೆ ಹೊಟ್ಟೆ ತಾಗೋ ಹಾಗೆ ಕೂತಿರುತ್ತೆ. ಊರೋರ ಕಾರಿಗೆಲ್ಲ ಸೀಟು ಹೊಲಿದು ಹೊಲಿದು ಸೊಂಟ ಬಿದ್ದುಹೋದ ಮೇಲೆ, ನಂಗೋಸ್ಕರ ಎರಡು ಸೀಟಾದ್ರೂ ಹೊಲಿಯೋಣ ಅಂತ ತಗೊಂಡಿದ್ದು. "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಅಕ್ಕ" ಅಂತ ತಮ್ಮ ಆಗ್ಲೂ ರಾಗ ಎಳೆದಿದ್ದ. ಬೇಕಿತ್ತು, ತಗೊಂಡೆ.

ಎದೆಯ ಗಡ್ಡೆಗೆ ಆಪರೇಷನ್ ಆಗಿ ನಾನು ಮಲಗಿದ್ದಷ್ಟು ದಿನ ಕಾರೂ ನಿಂತಲ್ಲೇ ನಿಂತಿತ್ತು. ಎದ್ದು ಹೋಗಿ ನೋಡಿದ್ರೆ ನಾಲ್ಕೂ ಟೈರಿನ ಪಕ್ಕೆ ಬಿರುಕು ಬಿಟ್ಟಿತ್ತು. ಗ್ರಿಪ್ಪಿನ ಗೆರೆ ಇನ್ನೂ ಸವೆದಿರ್ಲಿಲ್ಲ, ಆದ್ರೆ ರಬ್ಬರ್ ಸತ್ತುಹೋಗಿತ್ತು. ಹೊಸದು ಹಾಕಿಸ್ಬೇಕು ಅಂದೆ. "ಸರಿ, ನಾನೇ ಕರ್ಕೊಂಡು ಹೋಗ್ತೀನಿ" ಅಂದ ತಮ್ಮ. ನನ್ನ ಮಾತಿಗೆ ಒಂದೇ ಸಲಕ್ಕೆ ಒಪ್ಪಿದ್ನಲ್ಲ, ಆಗ್ಲೇ ಅನುಮಾನ ಬರ್ಬೇಕಿತ್ತು.

ಆಮೆ ಥರ ತೆವಳಿಸ್ಕೊಂಡು ಅಂಗಡಿ ಮುಟ್ಟಿಸಿದ. ನಾವು ಇಳಿಯೋಷ್ಟರಲ್ಲಿ ಅಂಗಡಿಯವನು ಒಳಗಿಂದ ನಾಲ್ಕು ಟೈರು ಉರುಳಿಸ್ಕೊಂಡು ಬಂದ. "ದೊಡ್ಡ ಕಂಪನಿ ಮಾಲು ಅಮ್ಮ. ಸ್ವಲ್ಪವೇ ಓಡಿರೋದು."

ಉಗುರಿಂದ ಒತ್ತಿದೆ, ಕಲ್ಲಾಗಿತ್ತು. ಪಕ್ಕದಲ್ಲಿ ಅಚ್ಚಾಗಿರೋ ತಯಾರಿ ವರ್ಷ ಓದಿದೆ. ನನ್ನ ಟೈರಿಗಿಂತ ಹಳೇದು.

"ನಾನು ಹೊಸದಕ್ಕೆ ಬಂದಿದ್ದು" ಅಂದೆ.

ಅವನು ತಮ್ಮನ ಮುಖ ನೋಡಿದ. ತಮ್ಮ ಗೋಡೆ ನೋಡಿದ. "ಇಲ್ಲಮ್ಮ, ಇವರು ಫೋನಲ್ಲಿ... ಒಂದು ವರ್ಷ ಓಡಿದ್ರೆ ಸಾಕು ಅಂದಿದ್ರು."

ಒಂದು ವರ್ಷ. ಡಾಕ್ಟರು ಕೂಡ ನಂಗೆ ಹಾಗೆ ಬಾಯಿಬಿಟ್ಟು ಹೇಳಿರ್ಲಿಲ್ಲ. ಮೈಯೆಲ್ಲ ಉರಿದುಹೋಯ್ತು. ಒಳಗೆ ಎಲ್ಲೋ ಹೆದರಿಕೆಯೂ ಆಯ್ತು, ಸುಳ್ಳು ಯಾಕೆ ಹೇಳ್ಲಿ.

"ನಂಗೆ ಗಡುವು ಕೊಡೋಕೆ ನೀನ್ಯಾವ ಊರ ದೊಣ್ಣೆನಾಯಕನೋ?"

"ಹಾಗಲ್ಲ ಅಕ್ಕ, ಸುಮ್ನೆ ಖರ್ಚು ಯಾಕೆ ಅಂತ..."

"ಖರ್ಚು ನಂದು, ಕಾರು ನಂದು, ಜೀವಾನೂ ನಂದೇ. ಬಾಯಿ ಮುಚ್ಕೊಂಡು ನಿಂತ್ಕೋ."

ಅಂಗಡಿಯವನು ಪಾಪ, ತಪ್ಪು ತನ್ನದೇ ಅನ್ನೋ ಹಾಗೆ ಒಳಗೆ ಓಡಿದ. ಈ ಹಳೇ ಅಳತೆಯಲ್ಲಿ ಹೆಸರುವಾಸಿ ಕಂಪನಿಗಳು ಮಾಡೋದನ್ನೇ ಬಿಟ್ಟಿವೆಯಂತೆ, ಇರೋದೆಲ್ಲ ಗೋಡೌನಲ್ಲಿ ಒಣಗಿದ್ದು. ಅಗ್ಗದ ಒಂದು ಕಂಪನಿ ಮಾತ್ರ ಇನ್ನೂ ಮಾಡುತ್ತೆ. ಅದನ್ನೇ ತಂದು ತೋರಿಸಿದ. ಈ ವರ್ಷದ್ದು, ಉಗುರು ಒತ್ತಿದ್ರೆ ಇಳಿಯುತ್ತೆ. ಅಳತೆ, ತಾಳೋ ಭಾರ, ತಡೆಯೋ ವೇಗ, ಎಲ್ಲಾನೂ ಕಾರಿನ ಪುಸ್ತಕಕ್ಕೆ ತಾಳೆ ನೋಡಿದ್ವಿ.

"ಒದ್ದೆ ರಸ್ತೇಲಿ ಸ್ವಲ್ಪ ಮೆಲ್ಲಗೆ ಹೋಗ್ಬೇಕು ಅಮ್ಮ. ಮತ್ತೆ ಇದರ ಹೆಸರು ಯಾರೂ ಕೇಳಿಲ್ಲ."

"ನನ್ನ ಹೆಸರು ಯಾರು ಕೇಳಿದ್ದಾರೆ? ಹಾಕಪ್ಪ."

ತಮ್ಮ ಕೆಮ್ಮಿದ. "ಹಿಂದಕ್ಕೆ ಎರಡು ಮಾತ್ರ ಹಾಕಿಸಿದ್ರೆ..."

"ನಾಲ್ಕೂ."

ಚಕ್ರ ಯಾವ ಕಡೆ ತಿರುಗಬೇಕು ಅಂತ ಟೈರ್ ಮೇಲೆ ಬಾಣದ ಗುರುತಿತ್ತು. ನಾಲ್ಕರದ್ದೂ ಕೂತು ನೋಡಿದೆ. ಬ್ಯಾಲೆನ್ಸ್ ಮಾಡಿಸಿದೆ. ನಟ್ಟು ಬಿಗಿಯೋಕೆ ಅವನು ಗಾಳಿ ಗನ್ನು ಎತ್ತಿದಾಗ ತಡೆದೆ. ಗನ್ನಿಗೆ ಬಿಗಿಯೋದು ಗೊತ್ತು, ಎಷ್ಟಕ್ಕೆ ನಿಲ್ಲಿಸ್ಬೇಕು ಅನ್ನೋದು ಗೊತ್ತಿಲ್ಲ. ಬೇಕಾದಷ್ಟು ಬಿಗಿಯಾದ ತಕ್ಷಣ ಟಕ್ ಅನ್ನೋ ಉದ್ದನೆ ಸ್ಪ್ಯಾನರ್ ಇರುತ್ತಲ್ಲ, ಅದನ್ನ ತರಿಸ್ದೆ. ಒಂದು ನಟ್ಟು, ಆಮೇಲೆ ಎದುರಿಂದು, ಹಾಗೆ ಮೂರು ಚಕ್ರ ಅವನು ಮುಗಿಸಿದ.

"ಕೊನೇದು ನಂಗೆ ಬಿಡು" ಅಂದೆ.

ಆಪರೇಷನ್ ಆದ ಕಡೆ ಕೈಗೆ ಇನ್ನೂ ಜೀವ ಬಂದಿರ್ಲಿಲ್ಲ. ಎಳೆದೆ, ಸದ್ದಿಲ್ಲ. ಮತ್ತೆ ಎಳೆದೆ. ತಮ್ಮ ಓಡಿ ಬಂದ.

"ಮುಟ್ಟಬೇಡ."

ಕೈಗೆ ಆಗದ್ದನ್ನ ಮೈಭಾರಕ್ಕೆ ವಹಿಸಿ ಸ್ಪ್ಯಾನರ್ ಮೇಲೆ ಬಿದ್ದೆ. ಟಕ್. ಅಲ್ಲೇ ಸುಧಾರಿಸ್ಕೊಂಡು ಉಳಿದ ನಟ್ಟುಗಳನ್ನೂ ಹಾಗೇ ಬಿಗಿದೆ. ಆಮೇಲೆ ಎಣ್ಣೆ ಮೆತ್ತಿದ ಆ ನೆಲದ ಮೇಲೇ ಕೂತೆ.

ತಮ್ಮ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಮೂಗು ಕೆಂಪಗಾಗಿತ್ತು. "ನಂಗೆ ಭಯ ಆಗುತ್ತೆ ಕಣಕ್ಕ" ಅಂದ.

"ನಂಗೂ ಆಗುತ್ತೆ ಕಣೋ. ಅದಕ್ಕೇ ಹೊಸದು ಹಾಕಿಸ್ತಿರೋದು."

ಅಂಗಡಿಯವನು ಹೊಸ ರಬ್ಬರ್ ಮೊದಮೊದಲು ಜಾರುತ್ತೆ, ಬ್ರೇಕು ಮೆಲ್ಲಗೆ ಒತ್ತಿ, ಸ್ವಲ್ಪ ದಿನ ಓಡಿಸಿ ಬಂದ್ರೆ ನಟ್ಟು ಇನ್ನೊಮ್ಮೆ ನೋಡ್ತೀನಿ ಅಂತೆಲ್ಲ ಹೇಳ್ತಿದ್ದ. ಅಷ್ಟರಲ್ಲಿ ತಮ್ಮ ಎದ್ದು ಡಿಕ್ಕಿ ತೆಗೆದು, ಒಳಗೆ ತಲೆ ಹಾಕಿ ತುಂಬ ಹೊತ್ತು ನಿಂತ.

"ಈ ಸ್ಟೆಪ್ನಿನೂ ಬಿರುಕು ಬಿಟ್ಟಿದೆ. ಇದಕ್ಕೂ ಹೊಸದು ಹಾಕಿ."

"ಸ್ಟೆಪ್ನಿಗೆ ಯಾಕೆ ಸರ್" ಅಂದ ಅಂಗಡಿಯವನು. "ಹೊಸ ಟೈರಿದೆ, ಇನ್ನು ಎಷ್ಟೋ ವರ್ಷ ಅದರ ಹತ್ರ ಹೋಗೋದೇ ಇಲ್ಲ ನೀವು."

"ಎಷ್ಟೋ ವರ್ಷ ಆದ್ಮೇಲೆ ಅಕ್ಕಂಗೆ ಬೇಕಾಗುತ್ತಲ್ಲ. ಹಾಕಿ" ಅಂದ ತಮ್ಮ. ಅಂಗಡಿಯವನು ತಂದು ನಿಲ್ಲಿಸಿದ ಟೈರಿನ ಪಕ್ಕ ಬಗ್ಗಿ, ತಯಾರಿ ವರ್ಷವನ್ನ ಅವನೇ ಓದಿ ನೋಡಿದ.