ಲೋಟದ ನೆರಳು

೧. ೨೦೨೩ ಏಪ್ರಿಲ್ ೫, ಬುಧವಾರ, ಸಂಜೆ ೬ ಗಂಟೆ ೪೧ ನಿಮಿಷ. ಹೀಗೆ ಶುರುಮಾಡಬಹುದೆ? ಮಾಡಬಹುದು, ಆ ಹೊತ್ತು ನಿಜವಾಗಿದ್ದರೆ. ಕಥೆ ಇರುವುದೇ ಅಲ್ಲಿ.

೨. (ಮೊದಲ ಕರಡಿನಲ್ಲಿ ಸಾಫಿ ಎಂಬ ಊರಿನ ಬಂದರು, ಮೀನಿನ ವಾಸನೆ, ಅಲೆಗಳು ಎಲ್ಲ ಇದ್ದವು. ಹರಿದು ಹಾಕಿದೆ.)

ತೀರಿಕೊಂಡ ಅಪ್ಪನ ಕ್ಯಾಮೆರಾದ ಕಾರ್ಡನ್ನು ಇಟ್ಟೊ ಎಂಬಾಕೆ ಕಂಪ್ಯೂಟರಿಗೆ ಹಾಕಿದಾಗ ಅರವತ್ತೊಂದು ಫೈಲುಗಳು ಖಾಲಿ ಹಾಳೆಗಳಂತೆ ಕಂಡವು. ಹೆಸರಿನ ಕೊನೆಯ ಮೂರಕ್ಷರ ಅವಳು ಎಂದೂ ಕಂಡದ್ದಲ್ಲ. ಒಂದೂ ತೆರೆಯಲಿಲ್ಲ.

"ವೈರಸ್ ಇರ್ಬೇಕು, ಅಳಿಸ್ಬಿಡಕ್ಕಾ," ಅಂದ ತಮ್ಮ ಹಮ್ಮಾದ್.

"ಗೊತ್ತಿಲ್ದೇ ಇರೋದನ್ನೆಲ್ಲ ಅಳಿಸೋದಾದ್ರೆ ಮೊದಲು ನಿನ್ನನ್ನೇ ಅಳಿಸ್ಬೇಕು ಕಣೋ."

ಮೊದಲು ಎಲ್ಲದರ ನಕಲು ತೆಗೆದಿಟ್ಟಳು. ಆಮೇಲೆ ಆ ಮೂರಕ್ಷರ ಹುಡುಕಿದಳು. ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಹಸಿ ಚಿತ್ರಗಳವು. ತಕ್ಕ ತಂತ್ರಾಂಶ ಹಾಕಿದ ಮೇಲೆ ಅರವತ್ತರಲ್ಲಿ ಕಡಲು. ಕೊನೆಯದರಲ್ಲಿ ಉಪವಾಸ ಬಿಡಲು ಅಣಿಯಾದ ಮೇಜು: ಹರೀರಾ ಸೂಪು, ಖರ್ಜೂರ, ಚಹಾದ ಲೋಟ, ಓರೆ ಬಿಸಿಲು. ಫೈಲಿನೊಳಗೆ ದಾಖಲಾದ ಹೊತ್ತು ಏಪ್ರಿಲ್ ೫, ಸಂಜೆ ೬:೪೧.

೩. ಅಪ್ಪ ತೀರಿಕೊಂಡ ಆ ಸಂಜೆ ೬:೨೦ಕ್ಕೆ ಅವಳು ಅವರ ಮನೆಯ ಬಾಗಿಲು ಬಡಿದಿದ್ದಳು. ಅಪ್ಪನ ಕಿವಿ ಮಂದ. ಮಲಗಿರಬೇಕೆಂದು ಪಕ್ಕದ ಮನೆಗೆ ಹೋದಳು. ಸೂರ್ಯ ಮುಳುಗಿ, ಮಗ್ರಿಬ್ ನಮಾಜಿನ ನಂತರ ಬಂದರೆ ಜೀವವಿರಲಿಲ್ಲ. ೬:೪೧ ನಿಜವಾದರೆ, ಅವಳು ಬೆನ್ನು ತಿರುಗಿಸಿದಾಗ ಅಪ್ಪ ಇದ್ದರು.

೪. "ರಂಜಾನಿಗೆ ದೇಶವೆಲ್ಲ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕ್ತೀವಲ್ಲ? ಕ್ಯಾಮೆರಾದಲ್ಲಿ ಹಾಕಿಲ್ದಿದ್ರೆ ಅದು ಐದು ನಲವತ್ತೊಂದು," ಅಂದಳು.

"ಅಪ್ಪ ಯಾವತ್ತಕ್ಕಾ ಸರ್ಕಾರದ ಹೊಸ ಗಂಟೆ ಒಪ್ಕೊಂಡಿದ್ರು? ವರ್ಷವಿಡೀ ಹಳೇ ಗಂಟೇನೇ. ನನ್ನ ಮದುವೆಗೂ ಒಂದು ಗಂಟೆ ಲೇಟು!"

ರಂಜಾನಿನ ಗಂಟೆಯೂ ಆ ಹಳೇ ಗಂಟೆಯೇ; ಹಾಗಾದರೆ ತಿದ್ದುವುದೇ ಬೇಕಿರಲಿಲ್ಲ, ೬:೪೧ ಸರಿ.

"ಕ್ಯಾಮೆರಾದಲ್ಲಿ ಗಂಟೆ ಇಟ್ಟಿದ್ದು ಅಪ್ಪನೋ, ಮಾರಿದ ಅಂಗಡಿಯವನೋ?" ಎಂದು ಕೇಳಿದಳು ಇಟ್ಟೊ.



೫. ಅಂತ್ಯ ಒಂದು: ಅಂಗಡಿಯವನು, ಅಂದರೆ ೫:೪೧. ಇಟ್ಟೊ ನಿದ್ದೆ ಮಾಡುತ್ತಾಳೆ. ಬರೆದು ಅವಳಿಗೇ ತೋರಿಸಿದೆ.

"ನಿಮ್ಮ ಕನಿಕರ ನನಗೆ ಬೇಡ."

ಅಂತ್ಯ ಎರಡು: ಅಪ್ಪ, ಅಂದರೆ ೬:೪೧.

"ಶಿಕ್ಷೇನೂ ನೀವು ಕೊಡ್ಬೇಡಿ. ಚಿತ್ರದಲ್ಲಿ ಬಿಸಿಲಿದೆಯಲ್ಲ, ನೆರಳು ಅಳೀರಿ."

(ಪಾತ್ರಗಳು ಕಥೆಗಾರನಿಗೆ ಭೌತಶಾಸ್ತ್ರ ನೆನಪಿಸುವ ಕಾಲ ಬಂತು.)

೬. ಆ ಲೋಟ ಮನೆಯಲ್ಲೇ ಇದೆ; ಎತ್ತರ ಒಂಬತ್ತು ಸೆಂಟಿಮೀಟರ್. ಆ ದಿನದ ಸೂರ್ಯನಿಗೆ, ೫:೪೧ ಆಗಿದ್ದರೆ ನೆರಳು ಮೂವತ್ತಮೂರು ಸೆಂಟಿಮೀಟರ್. ೬:೪೧ ಆಗಿದ್ದರೆ ಒಂದೂವರೆ ಮೀಟರಿಗೂ ಉದ್ದ. ಲೋಟವನ್ನೇ ಅಳತೆಗೋಲಾಗಿಸಿ, ಚಿತ್ರದಲ್ಲಿ ಮೂರು ಸಲ ಅಳೆದೆವು. ನೆರಳು ಲೋಟದ ಬುಡ ಬಿಟ್ಟು, ಖರ್ಜೂರ ದಾಟಿ, ಚಿತ್ರದ ಅಂಚಿಗೆ ತಾಗಿ ಕತ್ತರಿಸಿಹೋಗುತ್ತದೆ. ಅಲ್ಲಿಯವರೆಗೆ ಇಪ್ಪತ್ತೊಂಬತ್ತು ಸೆಂಟಿಮೀಟರ್; ಅದರಾಚೆ ಎಷ್ಟಿತ್ತೋ, ಚಿತ್ರದಲ್ಲಿಲ್ಲ.