ಚಿನಕುರಳಿಯೇ ಬ್ಯಾಂಕಾಕು

ನಿವೃತ್ತ ಪಿ.ಟಿ. ಮೇಷ್ಟ್ರು ನರಸಯ್ಯನವರಿಗೆ ಏಷ್ಯನ್ ಗೇಮ್ಸ್ ಎಲ್ಲೆಲ್ಲಿ ನಡೆದಿದೆ ಎಂಬುದು ಮೊಮ್ಮಕ್ಕಳ ಹೆಸರಿಗಿಂತ ಚೆನ್ನಾಗಿ ನೆನಪಿತ್ತು. ಬೆಳಿಗ್ಗೆ ಚಿನಕುರಳಿಯ ಡೈರಿಗೆ ಹಾಲು ಹಾಕಲು ಹೋದರೆ, ಮುಂದಿನವರ ಕ್ಯಾನು ಖಾಲಿಯಾಗುವಷ್ಟರಲ್ಲಿ ಐವತ್ತೊಂದರ ದೆಹಲಿಯಿಂದ ಹೊರಟು ಮನಿಲಾ, ಟೋಕಿಯೋ, ಜಕಾರ್ತ ಮುಟ್ಟಿರುತ್ತಿದ್ದರು. ಅವರ ಸೈಕಲ್ ಕಂಡೊಡನೆ ಜನ ಫೋನು ಕಿವಿಗಿಟ್ಟುಕೊಳ್ಳುತ್ತಿದ್ದರು. ಮೇಷ್ಟ್ರು ಅದಕ್ಕೆಲ್ಲ ಜಗ್ಗುತ್ತಿರಲಿಲ್ಲ. ಫೋನು ಇಳಿಯುವವರೆಗೂ ಕಾದು ಮುಂದುವರಿಸುತ್ತಿದ್ದರು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಅರವತ್ತು ದಾಟಿದವರು ಸೇರಿ ವರ್ಷಕ್ಕೊಂದು ಕ್ರೀಡಾಕೂಟ ನಡೆಸುತ್ತಿದ್ದರು. ಈ ಸಲ ನಾಗಮಂಗಲದ ಸರದಿ. ಆರು ದಿನ ಉಳಿದಿರುವಾಗ ಅಲ್ಲಿಯ ಸಂಚಾಲಕ ಮಹದೇವಸ್ವಾಮಿ, ಪಾಂಡವಪುರದ ಸಂಚಾಲಕರಾದ ಮೇಷ್ಟ್ರಿಗೆ ಫೋನು ಮಾಡಿದರು.

"ಮೇಷ್ಟ್ರೇ, ಮಳೆ ಉಯ್ದು ಮೈದಾನ ಕೆರೆ ಆಗ್ಬುಟ್ಟದೆ. ಓಡೋ ಬದ್ಲು ಈಜ್ಬೇಕಾಯ್ತದೆ. ಈ ವರ್ಸ ಬುಟ್ಬುಡನ."

"ಬುಡೋದಾ? ಎಪ್ಪತ್ತರಲ್ಲಿ ಸಿಯೋಲು ನಮ್ ಕೈಲಾಗಲ್ಲ ಅಂತು. ಗೇಮ್ಸು ನಿಂತೋಯ್ತಾ? ಬ್ಯಾಂಕಾಕು ನಡೆಸ್ತು. ಎಪ್ಪತ್ತೆಂಟರಲ್ಲಿ ಇಸ್ಲಾಮಾಬಾದು ಕೈಚೆಲ್ತು. ಆಗ್ಲೂ ಬ್ಯಾಂಕಾಕೇ!"

"ಅಂಗಾರೆ ಬ್ಯಾಂಕಾಕ್‌ಗೆ ಓಗನಾ?"

"ಚಿನಕುರಳಿಗೆ ಬನ್ನಿ ಸ್ವಾಮಿ. ನಮ್ಮೂರೇ ಬ್ಯಾಂಕಾಕು."

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಮಾಯಮ್ಮ ತಲೆಯೆತ್ತಿದರು. "ನಿಮ್ ಬ್ಯಾಂಕಾಕ್‌ಗೆ ಅನ್ನ ಸಾರು ಬೇಯ್ಸೋರ್ಯಾರು?"

"ನೀನಿದ್ದೀಯಲ್ಲ."

"ನಾನು ನಡಿಗೆ ಸ್ಪರ್ಧೆಗೆ ಎಸ್ರು ಕೊಡ್ತೀನಿ. ಸಾರು ನೀವೇ ನೋಡ್ಕಳಿ."

"ನೀನಾ?" ಎಂದು ಮೇಷ್ಟ್ರು ನಕ್ಕರು. ಮಾಯಮ್ಮ ನಗಲಿಲ್ಲ.

ಆರು ದಿನ ಮೇಷ್ಟ್ರಿಗೆ ಕೂರಲು ಪುರುಸೊತ್ತಾಗಲಿಲ್ಲ. ಪಾಂಡವಪುರದಿಂದ ಅಡುಗೆಯವರನ್ನು ಗೊತ್ತುಮಾಡಿದರು. ಕ್ವಾರಿಯಿಂದ ಒಂದು ಟ್ರಾಕ್ಟರು ಕಲ್ಲುಪುಡಿ ತರಿಸಿ, ಮೈದಾನದಲ್ಲಿ ತಾವೇ ಬಗ್ಗಿ ಗೆರೆ ಎಳೆದರು. ಮೊದಲ ಗೆರೆ ನೇರವಾಗಿ ಹುಣಸೆಮರಕ್ಕೆ ಹೋಯಿತು. ಅಳಿಸಿ ಮತ್ತೆ ಎಳೆದರು.

ಕೂಟದ ದಿನ ನಾಲ್ಕೂ ತಾಲ್ಲೂಕಿನವರು ಬಂದು ತುಂಬಿಕೊಂಡರು. ಮೊದಲಿಗೆ ಹೆಂಗಸರ ನೂರು ಮೀಟರ್ ನಡಿಗೆ. ಎಂಟು ಜನ ಸೀರೆ ಸೆರಗು ಸಿಕ್ಕಿಸಿ ಗೆರೆಯ ಮೇಲೆ ನಿಂತರು. ಮಾಯಮ್ಮ ಮೂರನೆಯವರು. ಸೀಟಿ ಊದಲು ಊರಿನ ಹೊಸ ಪಿ.ಟಿ. ಮೇಡಂ ರಮ್ಯ ನಿಂತಿದ್ದಳು. ಮೈಕು ಮಾತ್ರ ನರಸಯ್ಯನವರ ಕೈಯಲ್ಲಿತ್ತು.

"ಎರಡೇ ಎರಡು ಮಾತು," ಎಂದು ಅವರು ದೆಹಲಿಯಿಂದ ಶುರುಮಾಡಿದರು. ಊರುಗಳನ್ನು ನೆನೆಯುವಾಗ ಕಣ್ಣು ಮುಚ್ಚಿಕೊಳ್ಳುವುದು ಅವರ ಅಭ್ಯಾಸ. ಟೆಹರಾನ್ ತಲುಪುವ ಹೊತ್ತಿಗೆ ಹೆಂಗಸರು ಕಾಲು ಬದಲಿಸುತ್ತಿದ್ದರು. ರಮ್ಯ ಬಿಸಿಲು ನೋಡಿದಳು, ಮೇಷ್ಟ್ರನ್ನು ನೋಡಿದಳು, ಸೀಟಿ ಊದಿಯೇಬಿಟ್ಟಳು. ಜನ ಕೂಗತೊಡಗಿದರು. ಎಂಬತ್ತೆರಡರ ದೆಹಲಿಗೆ ಇಷ್ಟೊಂದು ಅಭಿಮಾನವೇ ಎಂದು ಮೇಷ್ಟ್ರು ಇನ್ನೂ ಹುರುಪಿನಿಂದ ಸಿಯೋಲ್, ಬೀಜಿಂಗ್, ಹಿರೋಶಿಮಾ ದಾಟಿದರು.

ಹಾಂಗ್‌ಝೌ ಮುಗಿಸಿ ಕಣ್ಣು ಬಿಟ್ಟಾಗ ಗೆರೆಯ ಮೇಲೆ ಯಾರೂ ಇರಲಿಲ್ಲ.

"ಯಾಕ್ರವ್ವಾ ಅಷ್ಟು ದೂರ ಓಗಿದ್ದೀರಿ? ಬನ್ನಿ, ಸುರು ಮಾಡನ," ಎಂದರು ಮೈಕಿನಲ್ಲಿ. ಮೈದಾನವೆಲ್ಲ ಗೊಳ್ಳೆಂದಿತು.

ಮಹದೇವಸ್ವಾಮಿ ಹತ್ತಿರ ಬಂದು, "ಮುಗ್ದೋಯ್ತು ಮೇಷ್ಟ್ರೇ. ಮಾಯಮ್ಮೋರೇ ಫಸ್ಟು. ಐವತ್ತೆಂಟು ಸೆಕೆಂಡು," ಎಂದರು.

ನರಸಯ್ಯನವರ ಮುಖ ಸಣ್ಣದಾಯಿತು. ಹೆಂಡತಿಯ ಬಳಿಗೆ ಹೋಗಿ, "ನಾನು ನೋಡ್ನೇ ಇಲ್ವಲ್ಲೇ," ಎಂದರು. ದನಿಯಲ್ಲಿ ನಿಜವಾದ ಸಂಕಟವಿತ್ತು. "ಇನ್ನೊಂದ್ ಸಲಿ ನಡೀತೀಯಾ?"

"ಗೆದ್ದೋರು ಯಾಕ್ ನಡೀಬೇಕು? ನೀವು ನಡೀರಿ, ನಾನು ನೋಡ್ತೀನಿ."

ಏಳು ಜನ ಸೋತವರೂ ಚಪ್ಪಾಳೆ ತಟ್ಟಿದರು. ಬೇರೆ ದಾರಿಯಿರಲಿಲ್ಲ. ಮೇಷ್ಟ್ರು ಮೈಕನ್ನು ರಮ್ಯಳಿಗೆ ಒಪ್ಪಿಸಿ, ಪಂಚೆ ಎತ್ತಿಕಟ್ಟಿ, ತಾವೇ ಎಳೆದ ಗೆರೆಯ ಮೇಲೆ ಒಬ್ಬರೇ ನಿಂತರು. ಮೂವತ್ತಮೂರು ವರ್ಷ ಮಕ್ಕಳನ್ನು ಓಡಿಸಿದವರು ಈಗ ತಾವೇ ಸೀಟಿಗೆ ಕಾದರು. ಸೀಟಿಯಾಯಿತು. ಅರ್ಧ ದಾರಿಯಲ್ಲಿ ಮಂಡಿ ಲಟಕ್ಕೆಂದಿತು. ಮಾಯಮ್ಮ ಪಕ್ಕದಲ್ಲೇ ಬರುತ್ತಾ, "ಕೈ ಬೀಸ್ರೀ, ಕೈ! ಐಕ್ಳಿಗೆ ಅಂಗೇ ಅಲ್ವಾ ಏಳ್ಕೊಡ್ತಿದ್ದದ್ದು?" ಎಂದು ಗದರಿದರು. ಮೇಷ್ಟ್ರು ಕೈ ಬೀಸಿದರು.

"ಒಂದು ನಿಮಿಷ ಹದಿನಾಲ್ಕು ಸೆಕೆಂಡು," ಎಂದು ರಮ್ಯ ಮೈಕಿನಲ್ಲಿ ಸಾರಿದಳು. "ಪ್ರಥಮ ಸ್ಥಾನ ನರಸಯ್ಯ ಮೇಷ್ಟ್ರು. ಕೊನೆಯ ಸ್ಥಾನವೂ ಅವರದೇ."

ಊಟವಾದ ಮೇಲೆ ಗಂಡಹೆಂಡಿರು ಹುಣಸೆಮರದ ನೆರಳಿಗೆ ಬಂದು ಕೂತರು. ಮೇಷ್ಟ್ರು ಮಂಡಿ ನೀವಿಕೊಳ್ಳುತ್ತಾ, "ಎಂಗೆ ಗೆದ್ದೆ ಅಂತ ಏಳು," ಎಂದರು. ಮಾಯಮ್ಮ ಸೀಟಿಯಿಂದ ಶುರುಮಾಡಿ, ಕೆ.ಆರ್. ಪೇಟೆಯವಳು ಎಲ್ಲಿ ಏದುಸಿರು ಬಿಟ್ಟಳು, ಶ್ರೀರಂಗಪಟ್ಟಣದವಳು ಯಾವಾಗ ಹಿಂದೆ ಬಿದ್ದಳು, ಒಂದೂ ಬಿಡದೆ ಹೇಳಿದರು. ನೂರು ಮೀಟರು ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಮೇಷ್ಟ್ರು ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ.