ವಿದ್ಯುತ್ ವಾಹನಗಳಿಗೆ ಇಲ್ಲಿ ಕರೆಂಟಿಲ್ಲ

ಬೋರ್ಡನ್ನು ತಂದು ನೆಟ್ಟಿದ್ದು ಸರಿಯಾಗಿ ನಾವು ವಾಸವಿರುವ ಗಾಲಿಮನೆಯ, ನಮ್ಮ ಕ್ಯಾರವಾನಿನ ಎದುರಿಗೆ. ಕೆರೆಯ ದಂಡೆಯುದ್ದಕ್ಕೂ ಹರಡಿಕೊಂಡ ಇಷ್ಟು ದೊಡ್ಡ ಕ್ಯಾಂಪಿನಲ್ಲಿ ಆ ಪುಣ್ಯಾತ್ಮನಿಗೆ ಬೇರೆ ಜಾಗವೇ ಸಿಗಲಿಲ್ಲ. 'ವಿದ್ಯುತ್ ವಾಹನಗಳಿಗೆ ಇಲ್ಲಿ ಕರೆಂಟಿಲ್ಲ' ಎಂದು ಕೆಂಪಕ್ಷರದಲ್ಲಿ ಬರೆಸಿದ್ದ. ಇಡೀ ಕ್ಯಾಂಪಿನಲ್ಲಿ ಬ್ಯಾಟರಿ ಕಾರು ಇರುವುದು ನನ್ನೊಬ್ಬಳ ಹತ್ತಿರ. 'ವರ್ನಾ ಹ್ರುಸ್ಕಾಳಿಗೆ ಇಲ್ಲಿ ಕರೆಂಟಿಲ್ಲ' ಎಂದೇ ಬರೆಸಿಬಿಡಬಹುದಿತ್ತು, ನೇರವಾಗಿಯಾದರೂ ಇರುತ್ತಿತ್ತು.

ನೆಟ್ಟವನು ಕಿಪ್, ಕ್ಯಾಂಪಿನ ಹೊಸ ಮ್ಯಾನೇಜರು. ನನ್ನ ಮಗನಾಗುವಷ್ಟು ವಯಸ್ಸು. ಗಾಲ್ಫ್ ಕಾರ್ಟ್ ಎಂಬ ಪುಟ್ಟ ತೆರೆದ ಗಾಡಿಯಿಂದ ಇಳಿಯದೆಯೇ ಎಲ್ಲರ ಮೇಲೂ ಅಧಿಕಾರ ಚಲಾಯಿಸುವ ಆಸಾಮಿ. ಹಾಗೆ ನೋಡಿದರೆ ನಮ್ಮ ಕ್ಯಾಂಪಿನಲ್ಲಿ ನಡೆಯುವವರೇ ಇಲ್ಲ. ಸ್ನಾನಕ್ಕೆ ಹೋಗಲಿ, ಕಸ ಚೆಲ್ಲಲು ಹೋಗಲಿ, ಎಲ್ಲರದ್ದೂ ಕಾರ್ಟಿನ ಸವಾರಿಯೇ.

"ಏನಪ್ಪಾ ಇದು?" ಎಂದು ಕೇಳಿದೆ.

"ಸೆಖೆ ಶುರುವಾದ್ಮೇಲೆ ಎರಡು ಸಲ ಇಡೀ ಸಾಲಿನ ಕರೆಂಟೇ ಹೋಯ್ತಲ್ಲ ಮೇಡಂ. ನಿಮ್ಮ ಕಾರಿಂದ್ಲೇ ಅಂತ ಎಲ್ರೂ ಹೇಳ್ತಿದಾರೆ."

"ನನ್ನ ಕಾರಿಂದಾನಾ? ಆ ಕೊನೇಲಿ ಬಸ್ಸಿನಷ್ಟು ದೊಡ್ಡದೊಂದು ಕ್ಯಾರವಾನ್ ನಿಂತಿದೆಯಲ್ಲ, ಅದು ಕಣ್ಣಿಗೆ ಬೀಳ್ಲಿಲ್ವಾ? ಮೂರು ಏಸಿ, ಬಟ್ಟೆ ಒಗೆಯೋ ಮಷೀನು, ಸಾಲದ್ದಕ್ಕೆ ಕರೆಂಟಿನ ಬೆಂಕಿಗೂಡು. ಜುಲೈ ತಿಂಗಳಲ್ಲಿ ಬೆಂಕಿಗೂಡು ಕಣಯ್ಯಾ!"

"ಅದು ಚಂದಕ್ಕೆ ಹಚ್ಚೋದು ಮೇಡಂ," ಎಂದ. ತಮಾಷೆ ಮಾಡುತ್ತಿರಲಿಲ್ಲ, ನಿಜವಾಗಿಯೂ ಅದನ್ನೊಂದು ಉತ್ತರ ಎಂದುಕೊಂಡಿದ್ದ.

ಕ್ಯಾರವಾನ್ ನಿಲ್ಲಿಸುವ ಪ್ರತಿ ಜಾಗಕ್ಕೂ ಒಂದು ಕರೆಂಟು ಪೆಟ್ಟಿಗೆ ಇದೆ, ಅದಕ್ಕೊಂದು ಮೀಟರು ಇದೆ. ನಾನು ಉರಿಸಿದ್ದಕ್ಕೆ ನಾನೇ ಕೊಡುತ್ತೇನೆ. ಯಾರ ಮನೆಯ ದೀಪವನ್ನೂ ಕದ್ದವಳಲ್ಲ. ಇದನ್ನೆಲ್ಲ ಅವನಿಗೆ ಹೇಳಿ ನನ್ನ ಗಂಟಲು ಒಣಗಿದ್ದೇ ಬಂತು.

ಬರೀ ಕಾರಿನ ವಿಷಯವಾಗಿದ್ದರೆ ಹಾಳಾಗಿ ಹೋಗಲಿ ಎಂದು ಬಿಡುತ್ತಿದ್ದೆನೇನೋ. ನನ್ನ ಗಂಡ ಮೈಲೋ ವಸಂತದಲ್ಲಿ ಪಾರ್ಶ್ವವಾಯು ಬಡಿದು ಬಿದ್ದ. ಅರವತ್ತು ಮೈಲಿ ದೂರದ ಆಸ್ಪತ್ರೆಯಲ್ಲಿದ್ದಾನೆ. ಬಲಗಾಲು ಎಳೆಯುತ್ತಾನೆ, ಬಾಯಿಂದ ಒಂದು ಮಾತು ಹೊರಡುವುದಿಲ್ಲ. ದಿನವೂ ಹೋಗಿ ಅವನ ಕೈ ಹಿಡಿದು ನಡೆಸುತ್ತಿದ್ದೆ. ಮನೆಗೆ ಕಳಿಸಬೇಕೋ ಆರೈಕೆ ಕೇಂದ್ರಕ್ಕೆ ಸಾಗಿಸಬೇಕೋ ಎಂದು ತೀರ್ಮಾನಿಸಲು ಅಲ್ಲಿಯವರು ಒಂದು ಪರೀಕ್ಷೆ ಇಟ್ಟಿದ್ದರು. ಗಾಲಿಕುರ್ಚಿಯಿಂದ ಎದ್ದು, ನನ್ನೊಬ್ಬಳ ಆಸರೆಯಲ್ಲಿ, ತನ್ನ ಸ್ವಂತ ಕಾರಿನೊಳಗೆ ಕೂತು ತೋರಿಸಬೇಕು. ಬೇರೆಯವರ ಕಾರು ನಡೆಯುವುದಿಲ್ಲ, ಏಕೆಂದರೆ ಸೀಟಿನ ಎತ್ತರ ಬೇರೆ, ಬಾಗಿಲಿನ ಅಗಲ ಬೇರೆ. ಕೂತರೆ ಅಂದೇ ಮನೆಗೆ ಕರೆದುಕೊಂಡು ಬರಬಹುದು. ಜುಲೈ ನಾಲ್ಕು, ಅಮೆರಿಕದ ಸ್ವಾತಂತ್ರ್ಯದ ಹಬ್ಬ; ಅದು ಕಳೆದ ಮರುದಿನ ಬೆಳಿಗ್ಗೆ ಆ ಪರೀಕ್ಷೆ. ಆಸ್ಪತ್ರೆಯ ಊರಿನಲ್ಲಿ ಚಾರ್ಜ್ ಮಾಡುವ ಕಂಬ ಇರುವುದು ಒಂದೇ, ಅದು ಕೆಟ್ಟು ತಲೆಗೆ ಚೀಲ ಹಾಕಿಸಿಕೊಂಡು ನಿಂತು ತಿಂಗಳುಗಳಾಗಿವೆ. ಕಾರಿಗೆ ಹೊಟ್ಟೆ ತುಂಬಿಸಲು ಇದ್ದ ದಾರಿ ನನ್ನ ಪೆಟ್ಟಿಗೆಯೊಂದೇ.

ಹಬ್ಬದ ಹಿಂದಿನ ಸಂಜೆ ಎಲ್ಲರೂ ಒಂದೊಂದು ಅಡುಗೆ ತಂದು ಒಟ್ಟಿಗೆ ಉಣ್ಣುವ ರೂಢಿ. ಆಸ್ಪತ್ರೆಯಿಂದ ಬಂದವಳೇ, ಬೆಳಿಗ್ಗೆಯೇ ಬೇಯಿಸಿಟ್ಟಿದ್ದ ಕೊಲಾಚೆಯ ತಟ್ಟೆ ಎತ್ತಿಕೊಂಡು ಹೋದೆ. ಒಳಗೆ ಗಸಗಸೆಯ ಹೂರಣ ತುಂಬಿದ ಬನ್ನು ಅದು. ನನ್ನ ಅಜ್ಜಿ ಮಾಡುತ್ತಿದ್ದ ಹಾಗೆಯೇ ಮಾಡುತ್ತೇನೆ, ಕ್ಯಾಂಪಿನವರು ಮುಗಿಬಿದ್ದು ತಿನ್ನುತ್ತಾರೆ. ತಿಂದರು. ತಿಂದಾದ ಮೇಲೆ ನಾನು ಎದ್ದು ಮೈಲೋನ ಪರೀಕ್ಷೆಯ ವಿಷಯ ಹೇಳಿದೆ. ಒಂದೇ ಒಂದು ರಾತ್ರಿ ಚಾರ್ಜ್ ಮಾಡಲು ಬಿಡಿ ಎಂದೆ. ಬೇಡಿದೆ ಎಂದರೂ ಸರಿಯೇ.

"ಮಾತು ಬೇಡ, ಕೈ ಎತ್ತಿ ತೀರ್ಮಾನ ಮಾಡೋಣ," ಎಂದ ಕಿಪ್. "ನಿಯಮ ಇರ್ಲಿ ಅನ್ನೋರು?"

ಕೈಗಳು ಎದ್ದವು. ಎಷ್ಟೋ ಬೆರಳುಗಳಿಗೆ ಇನ್ನೂ ಗಸಗಸೆ ಅಂಟಿಕೊಂಡಿತ್ತು. ಪಕ್ಕದ ಜಾಗದ ಆರ್ಲಿಸ್ ಕೂಡ ಎತ್ತಿದಳು. ಮೈಲೋ ಬಿದ್ದ ದಿನ ಆಂಬುಲೆನ್ಸಿನ ಹಿಂದೆ ನನ್ನನ್ನು ಕೂರಿಸಿಕೊಂಡು ಹೋದ ಆರ್ಲಿಸ್!

"ನೀನೂನಾ?" ಎಂದೆ.

"ತಪ್ಪು ತಿಳ್ಕೋಬೇಡ ಕಣೇ. ಮೊನ್ನೆ ಕರೆಂಟು ಹೋದಾಗ ಫ್ರಿಜ್‌ನಲ್ಲಿದ್ದ ಐಸ್‌ಕ್ರೀಮೆಲ್ಲ ನೀರಾಗಿ ಹೋಯ್ತು. ಬೇಕಿದ್ರೆ ನನ್ನ ಕಾರಲ್ಲಿ ನಿನ್ನ ಬಿಟ್ಟು ಬರ್ತೀನಿ."

"ನಿನ್ನ ಕಾರಲ್ಲಿ ಅವನು ಕೂತ್ರೆ ಪಾಸು ಮಾಡಲ್ಲ ಕಣೇ! ಆಗ್ಲಿಂದ ಅದನ್ನೇ ತಾನೆ ಹೇಳಿದ್ದು? ಕಿವಿ ಎಲ್ಲಿಟ್ಟಿದ್ದೆ?"

ಖಾಲಿ ತಟ್ಟೆ ಹಿಡಿದು ನಡೆದೇ ಬಂದೆ. ಬರುವಷ್ಟರಲ್ಲಿ ಕಿಪ್ ಕಾರ್ಟಿನಲ್ಲಿ ಮುಂದಾಗಿ ಬಂದು ನನ್ನ ಪೆಟ್ಟಿಗೆಯ ಬಾಗಿಲಿಗೆ ಬೀಗ ಜಡಿದಿದ್ದ. ಕ್ಯಾರವಾನಿನ ಕೇಬಲ್ಲು ಹೋಗಲು ಮಾತ್ರ ಕೆಳಗೊಂದು ಸಂದು. ಬೀಗವನ್ನು ಹಿಡಿದು ಜಗ್ಗಿದೆ, ಒದ್ದೆ, ಬೈದೆ. ಮೈಲೋಗೆ ಕೇಳಿಸಿದ್ದರೆ ನಾಚಿಕೊಳ್ಳುತ್ತಿದ್ದ, ಅಂಥ ಮಾತುಗಳು.

ಬೆಳಿಗ್ಗೆ ಒಂದು ಉಪಾಯ ಹೊಳೆಯಿತು. ಕ್ಯಾರವಾನಿನ ಹೊರಗೋಡೆಯಲ್ಲಿ ಫ್ಯಾನಿಗೆಂದು ಒಂದು ಪುಟ್ಟ ಪ್ಲಗ್ಗಿದೆ. ಕಾರಿನ ಜೊತೆ ಬಂದ ತೆಳು ಕೇಬಲ್ಲನ್ನು ಅದಕ್ಕೆ ಸಿಕ್ಕಿಸಿದೆ. ಕರೆಂಟು ಹನಿ ಹನಿಯಾಗಿ ಇಳಿಯತೊಡಗಿತು. ಏಸಿ ಹಾಕಿದರೆ ಫ್ಯೂಸು ಹಾರುತ್ತಿತ್ತು, ಹಾಗಾಗಿ ಏಸಿ ಆರಿಸಿದೆ, ಫ್ರಿಜ್ಜನ್ನೂ ಆರಿಸಿದೆ. ಆ ದಿನ ಮೈಲೋನನ್ನು ನೋಡಲು ಹೋಗಲಿಲ್ಲ. ಒದ್ದೆ ಟವೆಲ್ಲು ತಲೆಗೆ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತು ಬೆಂದೆ. ಎದುರಿಗೆ ಬೋರ್ಡು, ಆಚೆ ಆ ದೊಡ್ಡ ಕ್ಯಾರವಾನಿನ ಕಿಟಕಿಯಲ್ಲಿ ಚಂದಕ್ಕೆ ಉರಿಯುವ ಬೆಂಕಿ. ಲೆಕ್ಕ ಹಾಕಿ ನೋಡಿದರೆ ಬೆಳಗಾಗುವಷ್ಟರಲ್ಲಿ ಆಸ್ಪತ್ರೆಗೆ ಹೋಗಲು ಸಾಕಾಗುತ್ತಿತ್ತು, ಅವನನ್ನು ಕೂರಿಸಿಕೊಂಡು ಮರಳಲು ಸಾಲುತ್ತಿರಲಿಲ್ಲ.

ಸಂಜೆ ಹಬ್ಬದ ಮೆರವಣಿಗೆ ಹೊರಟಿತು. ನಮ್ಮಲ್ಲಿ ಮೆರವಣಿಗೆ ಎಂದರೆ ಗಾಲ್ಫ್ ಕಾರ್ಟುಗಳದ್ದೇ. ಒಂದೊಂದಕ್ಕೂ ಬಾವುಟ, ಬಣ್ಣದ ಕಾಗದ, ಮಿಣುಕು ದೀಪ. ಎಲ್ಲಕ್ಕಿಂತ ಮುಂದೆ ಕಿಪ್, ತಲೆಯ ಮೇಲೆ ನಕ್ಷತ್ರದ ಉದ್ದ ಟೊಪ್ಪಿ, ಕಾರ್ಟಿಗೆ ಧ್ವನಿವರ್ಧಕ, ನೀರು ಚಿಮುಕಿಸುವ ಫ್ಯಾನು. ಬೆಳಗಿನಿಂದ ಅದನ್ನೆಲ್ಲ ಹಚ್ಚಿಕೊಂಡು ಮೆರೆದಿದ್ದ. ಸರಿಯಾಗಿ ನಮ್ಮ ಜಾಗದ ಮುಂದೆ ಹಾಡು ಎಳೆದೆಳೆದು ನಿಂತಿತು, ಆಮೇಲೆ ಕಾರ್ಟೂ ನಿಂತಿತು. ಹಿಂದಿನವರೆಲ್ಲ ಒಬ್ಬರ ಹಿಂದೊಬ್ಬರು ಸಿಕ್ಕಿಕೊಂಡರು.

ಕಿಪ್ ಇಳಿದು, ಟೊಪ್ಪಿ ಕೈಯಲ್ಲಿ ಹಿಡಿದು, ನಗುತ್ತಾ ನನ್ನ ಹತ್ತಿರ ಬಂದ.

"ಮೇಡಂ, ಪೂರ್ತಿ ಇಳಿದುಹೋಗಿದೆ. ಒಂದ್ ಸ್ವಲ್ಪ ಹೊತ್ತು ನಿಮ್ಮ ಪೆಟ್ಟಿಗೆಗೆ ಸಿಕ್ಕಿಸ್ಲಾ?"

"ಏನನ್ನ?"

"ಕಾರ್ಟನ್ನ."

ಆಗ ಹೊಳೆಯಿತು ನನಗೆ. ನಿಜ ಹೇಳುತ್ತೇನೆ, ಅಲ್ಲಿಯವರೆಗೂ ಹೊಳೆದಿರಲಿಲ್ಲ. ಎಷ್ಟೋ ಬೇಸಿಗೆಗಳಿಂದ ಆ ಕಾರ್ಟುಗಳು ಪ್ರತಿ ಪೆಟ್ಟಿಗೆಗೂ ಬಾಲ ಸಿಕ್ಕಿಸಿಕೊಂಡು ನಿಂತದ್ದನ್ನು ನೋಡಿದ್ದೇನೆ. ಕೈ ಎತ್ತಿದವರೆಲ್ಲ ಬಂದಿದ್ದು ಅದರಲ್ಲೇ. ಬೋರ್ಡನ್ನು ಹೇರಿಕೊಂಡು ಬಂದಿದ್ದೂ ಅದೇ ಕಾರ್ಟು.

"ಬೀಗದ ಕೈ ನಿನ್ನ ಹತ್ರಾನೇ ಇದೆ, ತೆಗಿ," ಎಂದೆ.

ತೆಗೆದ. ಸೀಟಿನ ಕೆಳಗಿಂದ ಕೇಬಲ್ಲು ಎಳೆದು ಸಿಕ್ಕಿಸಿದ. ನಾನು ಎದ್ದುಹೋಗಿ ನನ್ನ ಕಾರಿನ ದಪ್ಪ ಕೇಬಲ್ಲು ತಂದು ಅದರ ಪಕ್ಕದಲ್ಲೇ ಸಿಕ್ಕಿಸಿದೆ.

"ಮೇಡಂ, ಇದು ಆಗಲ್ಲ. ನಿಯಮ ಇದೆ."

"ಆ ಬೋರ್ಡನ್ನ ಒಂದ್ಸಲ ಜೋರಾಗಿ ಓದು ನೋಡೋಣ."

"ವಿದ್ಯುತ್ ವಾಹನಗಳಿಗೆ ಇಲ್ಲಿ..." ಓದುತ್ತಾ ನಿಲ್ಲಿಸಿದ. "ಅಯ್ಯೋ, ಇದು ಕಾರ್ಟು ಮೇಡಂ! ಇದೆಲ್ಲಿ ವಾಹನ?"

ಅವನ ಮುಖದಲ್ಲಿ ಕಪಟವಿರಲಿಲ್ಲ. ಅದೇ ನನ್ನ ಮೈ ಉರಿಸಿತು. ಕಪಟವಿದ್ದಿದ್ದರೆ ಜಗಳವಾಡಿ ಸೋಲಿಸಬಹುದಿತ್ತು.

"ಪೆಟ್ರೋಲ್ ಹಾಕ್ತೀಯೇನೋ ಅದಕ್ಕೆ, ಕಿಪ್?" ಎಂದು ಹಿಂದಿನಿಂದ ಯಾರೋ ಕೂಗಿದರು. ನೋಡಿದರೆ ಆರ್ಲಿಸ್. ಅವಳ ಕಾರ್ಟಿನ ದೀಪಗಳೂ ಮಂಕಾಗತೊಡಗಿದ್ದವು. ಒಂದಿಬ್ಬರು ನಕ್ಕರು, ಉಳಿದವರು ತಮ್ಮ ತಮ್ಮ ಕಾರ್ಟುಗಳನ್ನು ನೋಡಿಕೊಂಡರು.

"ಕೇಳಿಲ್ಲಿ," ಎಂದೆ ನಾನು. "ಸ್ನಾನದ ಮನೆಗೆ ಹೋಗೋಕೆ ನಿಮಗೆಲ್ಲ ಕರೆಂಟು ಬೇಕು. ನನ್ನ ಗಂಡನ್ನ ಮನೆಗೆ ಕರ್ಕೊಂಡು ಬರೋಕೆ ನಂಗೆ ಕರೆಂಟು ಬೇಕು. ನಿಮ್ಮದು ಹಬ್ಬ, ನಂದು ಅಪರಾಧಾನಾ? ನಿನ್ನ ಗಾಡಿ ಇಲ್ಲಿ ಎಷ್ಟು ಹೊತ್ತು ಕುಡಿಯುತ್ತೋ ನಂದೂ ಅಷ್ಟು ಹೊತ್ತು ಕುಡಿಯುತ್ತೆ. ನಂದನ್ನ ಕೀಳ್ತೀಯಾ, ಮೊದಲು ನಿಂದನ್ನ ಕಿತ್ತು ತಲೆ ಮೇಲೆ ಹೊತ್ಕೊಂಡು ಹೋಗು."

ಹೊರಲು ಆಗುವಂಥದ್ದಲ್ಲ ಅದು. ಪೂರ್ತಿ ಬರಿದಾದ ಬ್ಯಾಟರಿ ಸ್ವಲ್ಪ ಹೊತ್ತಿನಲ್ಲಿ ಏಳುವಂಥದ್ದೂ ಅಲ್ಲ. ಉಳಿದವರು ಹುಲ್ಲಿನ ಮೇಲೆ ಹಾದು ಮೆರವಣಿಗೆ ಮುಂದುವರಿಸಿದರು. ಕಿಪ್ ಟೊಪ್ಪಿ ಹಿಡಿದು ಅವರ ಹಿಂದೆ ನಡೆದುಹೋದ. ಅವನ ಕೇಬಲ್ಲು ಒಳಗಿದ್ದುದರಿಂದ ಪೆಟ್ಟಿಗೆಯ ಬಾಗಿಲು ಮುಚ್ಚಲಿಲ್ಲ, ಬೀಗ ಜೋತಾಡುತ್ತಿತ್ತು. ಎರಡೂ ಗಾಡಿಗಳು ಬೆಳಗಿನವರೆಗೆ ಅಕ್ಕಪಕ್ಕ ನಿಂತು ಹೀರಿದವು. ಇಡೀ ಸಾಲಿನಲ್ಲಿ ಒಂದು ದೀಪವೂ ಆರಲಿಲ್ಲ.

ಬೆಳಿಗ್ಗೆ ಹೊರಡುವಾಗ ಬೋರ್ಡು ಕಣ್ಣಿಗೆ ಬಿತ್ತು. ನನಗಿಂತ ಮೊದಲೇ ಎದ್ದು ಯಾರೋ ಕೆಳಗೆ ಕಪ್ಪು ಮಾರ್ಕರಿನಲ್ಲಿ ಒಂದು ಸಾಲು ಸೇರಿಸಿದ್ದರು: 'ಗಾಲ್ಫ್ ಕಾರ್ಟುಗಳನ್ನು ಬಿಟ್ಟು.' ಕಾರು ನಿಲ್ಲಿಸಿ ಎರಡೆರಡು ಸಲ ಓದಿದೆ. ಕಿಪ್‌ನದೇ ಕೆಲಸ, ಇನ್ಯಾರದ್ದು! ಇಷ್ಟೆಲ್ಲ ಆದ ಮೇಲೂ ಅವನಿಗೆ ಅರ್ಥವಾದದ್ದು ಇಷ್ಟೇ! ಇಳಿದು ಅದನ್ನು ಕಿತ್ತೆಸೆಯುವಷ್ಟು ಸಿಟ್ಟು ಬಂದಿತ್ತು, ಪುರುಸೊತ್ತಿರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಮೈಲೋನನ್ನು ಗಾಲಿಕುರ್ಚಿಯಲ್ಲಿ ತಂದು ನಿಲ್ಲಿಸಿದರು. ಪರೀಕ್ಷೆ ಮಾಡುವ ಹುಡುಗಿ ಕೈಕಟ್ಟಿ ದೂರ ನಿಂತಳು. ನಾನು ಅವನ ಸೊಂಟದ ಪಟ್ಟಿ ಹಿಡಿದೆ. ಅವನು ಎಡಗೈಯಿಂದ ಬಾಗಿಲು ಹಿಡಿದು, ಒಮ್ಮೆ ಎದ್ದು ಕುಸಿದ, ಮತ್ತೆ ಎದ್ದ. ತಿರುಗಿದ, ಬೆನ್ನು ಮೊದಲು ಮಾಡಿ ಕೂತ. ಬಲಗಾಲನ್ನು ತಾನೇ ಕೈಯಿಂದ ಎತ್ತಿ ಒಳಗಿಟ್ಟುಕೊಂಡ. ಹುಡುಗಿ ತಲೆಯಾಡಿಸಿ ನಕ್ಕಳು.

ನಾನು ಪಕ್ಕದಲ್ಲಿ ಬಂದು ಕೂತು ಕಾರು ಚಾಲೂ ಮಾಡಿದೆ. ಪರದೆ ಬೆಳಗಿತು. ಕಾರು ಕೊಂಡ ದಿನದಿಂದ ಅವನದ್ದೊಂದು ಅಭ್ಯಾಸ, ಕೂತ ತಕ್ಷಣ ಮುಂದೆ ಬಾಗಿ ಚಾರ್ಜ್ ಎಷ್ಟಿದೆ ಎಂದು ನೋಡುವುದು. ಈಗಲೂ ಬಾಗಿದ. ಬರುವ ದಾರಿಗೆ ಒಂದಿಷ್ಟು ಖರ್ಚಾಗಿತ್ತು, ಆದರೂ ಹಸಿರು ಗೆರೆ ಅರ್ಧ ದಾಟಿ ನಿಂತಿತ್ತು. ತುಂಬಾ ಹೊತ್ತು ನೋಡಿದ. ಅವನ ತುಟಿ ಅಲುಗಿತು.

"ಸಾಕು," ಎಂದ ಮೈಲೋ. "ಮನೆಗೆ... ಸಾಕು."

ತಿಂಗಳುಗಳ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಅದು. ನಾನು ಸ್ಟೇರಿಂಗಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತೆ. ಸಂತೋಷಕ್ಕೆ ಎಂದುಕೊಂಡು ಅವನು ನನ್ನ ಬೆನ್ನು ಸವರಿದ. ಸಂತೋಷವೂ ಇತ್ತು. ಆದರೆ ಗಸಗಸೆ ಅಂಟಿದ ಆ ಕೈಗಳೆಲ್ಲ ಎದ್ದದ್ದು ಈ ಮಾತಿಗೇ ಬೀಗ ಹಾಕಲು ಅಲ್ಲವೇ ಎಂಬ ಸಿಟ್ಟಿಗೇ ನಾನು ಹೆಚ್ಚು ಅತ್ತಿದ್ದು.